ಘಟ್ಟ ಇಳಿಯದ ರೈಲು: ಆಗಬೋಟಿನ ಕಾಲದ ಕಾರವಾರ ಬಂದರು

1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲವೂ ಮುಂಬಯಿಗೆ ಹೋದವು. ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ, ಒಂದೇ ಗಂಜಿಯೂಟದ, ಒಂದೇ ಯಕ್ಷಗಾನದ ಜನ ಎರಡು ಸರ್ಕಾರಗಳ ಕೈಕೆಳಗೆ ಬಂದರು. 1956ರ ನವೆಂಬರ್ 1ರವರೆಗೆ, ಅಂದರೆ 94 ವರ್ಷ, ಆ ಗಡಿ ಹಾಗೆಯೇ ನಿಂತಿತು. ಅದನ್ನು ಎಳೆಸಿದ್ದು ಧಾರವಾಡ ಸೀಮೆಯ ಹತ್ತಿ. ಹತ್ತಿ ಬೆಳೆಯುವ ಎರೆಹೊಲ ಮುಂಬಯಿಯವರ ಆಡಳಿತದಲ್ಲಿ, ಅದನ್ನು ಹಡಗಿಗೇರಿಸಲು ತಕ್ಕ ಕಾರವಾರದ ಕೊಲ್ಲಿ ಮದ್ರಾಸಿನವರ ಆಡಳಿತದಲ್ಲಿ ಇದ್ದದ್ದು ವ್ಯಾಪಾರಿಗಳಿಗೂ ಅಧಿಕಾರಿಗಳಿಗೂ ತೊಡಕಾಗಿ ಕಂಡಿತು. ಬಂದರಿಗೋಸ್ಕರ ಒಂದು ಜಿಲ್ಲೆಯನ್ನೇ ಸರಿಸಿದ ನಿದರ್ಶನ ನಮ್ಮ ನಾಡಿನಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಇಷ್ಟು ದೊಡ್ಡ ಆಸೆಯಿಂದ ಹುಟ್ಟಿದ ಬಂದರು ಸುಮಾರು ಕಾಲು ಶತಮಾನದಲ್ಲೇ ಹಿಂದೆ ಬಿತ್ತು. ಹಿಂದೆ ಬಿದ್ದದ್ದಕ್ಕೆ ಸಮುದ್ರ ಕಾರಣವಲ್ಲ. ಈ ಬರಹದಲ್ಲಿ ಹಡಗುಗಳ ಬಗ್ಗೆ, ಧಕ್ಕೆಗಳ ಬಗ್ಗೆ, ದೀಪಸ್ತಂಭದ ಬಗ್ಗೆ ಹೇಳುವುದು ಬಹಳ ಇದೆ, ಹೇಳುತ್ತೇನೆ ಕೂಡ. ಆದರೆ ಕಾರವಾರದ ಚರಿತ್ರೆಯನ್ನು ಬರೆಯುವವರು ಪಡುವಣಕ್ಕೆ ಮುಖಮಾಡಿ ಕೂತರೆ ಅರ್ಧ ಮಾತ್ರ ಕಾಣಿಸುತ್ತದೆ. ಈ ಬಂದರಿನ ಹಣೆಬರಹ ಬರೆದದ್ದು ಬೆನ್ನ ಹಿಂದಿನ ಸಹ್ಯಾದ್ರಿ, ಆ ಸಹ್ಯಾದ್ರಿಯನ್ನು ಎಲ್ಲಿ ಕೊರೆಯಬೇಕು ಎಂದು ದೂರದಲ್ಲಿ ಕೂತು ತೀರ್ಮಾನಿಸಿದವರು.

ಮೊದಲು ಕೊಲ್ಲಿಯನ್ನೇ ನೋಡೋಣ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ದಕ್ಷಿಣಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡ ಭೂಶಿರ. ಆ ಭೂಶಿರದ ಮರೆಯಲ್ಲಿ ಬೈತಖೋಲ. ಎದುರಿಗೆ ದೇವಗಡ, ಕೂರ್ಮಗಡ ಮೊದಲಾದ ನಡುಗಡ್ಡೆಗಳು. ಸ್ವಲ್ಪ ದಕ್ಷಿಣಕ್ಕೆ ಅಂಜದೀವ, ಅದು 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ನೈಋತ್ಯದಿಂದ ನುಗ್ಗುವ ಮಳೆಗಾಲದ ಅಲೆಗೆ ಭೂಶಿರ ಅಡ್ಡ ನಿಲ್ಲುವುದರಿಂದ ಬೈತಖೋಲದ ನೀರು ಉಳಿದೆಡೆಗಿಂತ ಶಾಂತ. ಮುಂಬಯಿಗೂ ಕೊಚ್ಚಿಗೂ ನಡುವೆ ವರ್ಷದ ಎಲ್ಲ ಕಾಲದಲ್ಲೂ ಹಡಗಿಗೆ ಆಸರೆ ಕೊಡಬಲ್ಲ ಬಂದರು ಇದೊಂದೇ ಎಂದು ಬ್ರಿಟಿಷರ ಗೆಜೆಟಿಯರು ದಾಖಲಿಸಿದೆ. ಹತ್ತಿಯ ಕಾಲಕ್ಕಿಂತ ಬಹಳ ಹಿಂದೆಯೇ ಇದು ಹಡಗಿನವರ ಕಣ್ಣಿಗೆ ಬಿದ್ದಿತ್ತು. 1638ರಲ್ಲಿಯೇ ಇಂಗ್ಲಿಷ್ ವರ್ತಕ ವಿಲಿಯಂ ಕೋರ್ಟೀನನ ಸಂಘ ಇಲ್ಲಿ ಮೆಣಸಿಗಾಗಿ ಕೋಠಿ ತೆರೆದಿತ್ತು.

ಉಳಿದ ಬಂದರುಗಳ ಸ್ಥಿತಿ ಹೀಗಿರಲಿಲ್ಲ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ಮರಳು ಕಟ್ಟಿಕೊಂಡು ನಾವಿಕರನ್ನು ಹೆದರಿಸುತ್ತಿತ್ತು. ಕುಮಟಾದ್ದು ಬಯಲು ಕಡಲು, ಲಂಗರು ಹಾಕಿದ ಹಡಗಿಗೆ ಮರೆಯೇ ಇಲ್ಲ. ಹಾಗಿದ್ದೂ ಹತ್ತಿಯ ಮೊದಲ ದೊಡ್ಡ ಬಂದರು ಕುಮಟಾವೇ ಆಯಿತು ಎಂಬುದು ಗಮನಿಸಬೇಕಾದ ಸಂಗತಿ. ಹುಬ್ಬಳ್ಳಿ ಧಾರವಾಡದ ಕಡೆಯಿಂದ ಲಮಾಣಿಗಳ ಎತ್ತಿನ ಹೇರುಗಳ ಮೇಲೆ, ಆಮೇಲೆ ಗಾಡಿಗಳ ಮೇಲೆ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಹತ್ತಿ ಕುಮಟಾಕ್ಕೆ ಬರುತ್ತಿತ್ತು. ಅಲ್ಲಿಂದ ಪತ್ತೆಮಾರಿ ಹಾಯಿಹಡಗುಗಳು ಅದನ್ನು ಮುಂಬಯಿಗೆ ಒಯ್ಯುತ್ತಿದ್ದವು. ಲಿವರ್‌ಪೂಲಿನ ಪೇಟೆಯಲ್ಲಿ ಧಾರವಾಡದ ದೇಶಿ ಹತ್ತಿಗೆ ಕುಮಟಾದ ಹೆಸರೇ ನಿಂತುಬಿಟ್ಟಿತು. ಕುಮಟಾದ ಗದ್ದೆ ತೋಟಗಳಲ್ಲಿ ಹತ್ತಿ ಬೆಳೆಯುವುದಿಲ್ಲ, ಆದರೂ ಇಂಗ್ಲೆಂಡಿನ ದಲ್ಲಾಳಿಗಳು ಕುಮಟಾ ಹತ್ತಿಯ ದರ ಕೂಗುತ್ತಿದ್ದರು. ಒಳ್ಳೆಯ ಕೊಲ್ಲಿಯಿದ್ದ ಕಾರವಾರಕ್ಕಿಂತ ಒಳ್ಳೆಯ ದಾರಿಯಿದ್ದ ಕುಮಟಾ ಮೊದಲು ಬೆಳೆಯಿತು. ಮುಂದೆ ಕಾರವಾರಕ್ಕೆ ಆದದ್ದರ ಸೂಚನೆ ಇಲ್ಲೇ ಇತ್ತು.

ಹತ್ತಿಗೆ ಇಷ್ಟು ಬೆಲೆ ಬಂದದ್ದು ಹೇಗೆ ಎಂಬುದು ಓದುಗರಿಗೆ ತಿಳಿದದ್ದೇ. ಲಂಕಾಶೈರಿನ ಗಿರಣಿಗಳು ತಮಗೆ ಬೇಕಾದ ಹತ್ತಿಯಲ್ಲಿ ಬಹುಪಾಲನ್ನು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದ, ಪಡೆಯುತ್ತಿದ್ದವು. ಒಂದೇ ಕಡೆಗೆ ಇಷ್ಟು ಜೋತುಬೀಳುವುದು ಅಪಾಯವೆಂದು ಬಗೆದ ಮ್ಯಾಂಚೆಸ್ಟರಿನವರು 1857ರಲ್ಲಿ ಹತ್ತಿ ಪೂರೈಕೆಗಾಗಿಯೇ ಒಂದು ಸಂಘ ಕಟ್ಟಿದರು. ಧಾರವಾಡದಲ್ಲಿ 1840ರ ದಶಕದಿಂದಲೇ, ಕಲೆಕ್ಟರ್ ಶಾ ಅವರ ಉತ್ಸಾಹದಿಂದ, ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೇರೂರಿತ್ತು. ಉದ್ದ ಎಳೆಯ ಆ ಹತ್ತಿ ಇಂಗ್ಲೆಂಡಿನ ಯಂತ್ರಗಳಿಗೆ ಒಗ್ಗುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಬಿದ್ದಾಗ ಮ್ಯಾಂಚೆಸ್ಟರಿನ ಕಣ್ಣೆಲ್ಲ ಧಾರವಾಡದ ಮೇಲೆ, ಧಾರವಾಡದ ದಾರಿಯೆಲ್ಲ ಕಾರವಾರದ ಮೇಲೆ ನೆಟ್ಟಿತು.

ಆ ದಿನಗಳ ಅವಸರದ ಕಥೆಯೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು. 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪೆನಿ ತನ್ನ ಕಾರ್ಯದರ್ಶಿ ಹೇವುಡ್ ಅವರನ್ನು ಹಿಂದೂಸ್ಥಾನಕ್ಕೆ ಕಳಿಸಿತು. ಹತ್ತಿ ಒತ್ತಿ ಅಂಡಿಗೆ ಕಟ್ಟುವ ಭಾರಿ ಯಂತ್ರಗಳನ್ನೂ ಸದಾಶಿವಗಡಕ್ಕೆಂದು ಹಡಗಿಗೇರಿಸಿತು. ಬಂದು ನೋಡಿದರೆ ಇಳಿಸಿಕೊಳ್ಳಲು ಧಕ್ಕೆಯಿಲ್ಲ, ಇರಿಸಲು ಮನೆಯಿಲ್ಲ, ಘಟ್ಟದ ಮೇಲಕ್ಕೆ ಒಯ್ಯಲು ತಕ್ಕ ರಸ್ತೆಯಿಲ್ಲ. ಭರತದ ಗೆರೆಗಿಂತ ಮೇಲೆ ಮರಳಿನಲ್ಲಿ ಕಬ್ಬಿಣದ ಭಾಗಗಳು ಬಿದ್ದುಕೊಂಡವು. ಸರ್ಕಾರ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂದು ಕಂಪೆನಿ ದೂರಿತು. ಕಂಪೆನಿಯೂ ಬಂಡವಾಳ ಕೂಡಿಸಲಾಗದೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಈ ಪ್ರಕರಣವನ್ನು ಇಂಗ್ಲೆಂಡಿನ ಇತಿಹಾಸಕಾರರು ಲಂಕಾಶೈರಿನವರ ನಿರಾಸೆಯ ಕಥೆಯಾಗಿ ಬರೆಯುತ್ತಾರೆ. ನಮಗೆ ಅದರಲ್ಲಿ ಕಾಣಬೇಕಾದದ್ದು ಬೇರೆ: ಬಂದರು ಎಂದರೆ ಆಳವಾದ ನೀರು ಎಂದಷ್ಟೇ ತಿಳಿದು, ನೀರಿನಿಂದ ಹೊಲದವರೆಗಿನ ಉದ್ದನೆಯ ಕಾಡುದಾರಿಯನ್ನು ಲೆಕ್ಕಕ್ಕೆ ಹಿಡಿಯದವರು ಏನನ್ನು ಎದುರಿಸುತ್ತಾರೆ ಎಂಬುದು.

ಅಂತೂ ಕೆಲಸ ನಡೆಯಿತು. ಮೀನುಗಾರರ, ಗದ್ದೆಯವರ ಕೆಲವು ಹಳ್ಳಿಗಳ ನೆಲದ ಮೇಲೆ ಜಿಲ್ಲೆಯ ಹೊಸ ಮುಖ್ಯಸ್ಥಳ ಎದ್ದಿತು. ಕಚೇರಿ, ನ್ಯಾಯಾಲಯ, ಸುಂಕದ ಕಟ್ಟೆ, ಅಂಚೆ ಬಂದವು. 1864ರಲ್ಲಿ ಕಾರವಾರಕ್ಕೆ ಪುರಸಭೆ ಬಂತು. ಅದೇ ವರ್ಷ ದೇವಗಡದ ನೆತ್ತಿಯ ಮೇಲೆ ದೀಪಸ್ತಂಭ ಬೆಳಗಿತು. ಕಡಲಿನಿಂದ ಸುಮಾರು 200 ಅಡಿ ಎತ್ತರದಲ್ಲಿ ಉರಿಯುವ ಆ ದೀಪ ಸ್ವಚ್ಛ ರಾತ್ರಿಯಲ್ಲಿ ಬಹಳ ದೂರದ ಹಡಗಿಗೂ ಕಾಣುತ್ತದೆ. ಹಾಯಿಹಡಗಿನ ತಾಂಡೇಲನಿಗೆ ಗುಡ್ಡಗಳ ಆಕಾರವೇ ನಕ್ಷೆಯಾಗಿತ್ತು, ಹಗಲು ಕಂಡ ಗುರುತು ಹಿಡಿದು ಆತ ನಡೆಯುತ್ತಿದ್ದ. ಹೊತ್ತು ಗೊತ್ತು ನೋಡಿಕೊಂಡು, ರಾತ್ರಿಯೂ ನಿಲ್ಲದೆ ಓಡುವ ಆಗಬೋಟಿಗೆ, ಅಂದರೆ ಉಗಿಹಡಗಿಗೆ, ದೀಪ ಬೇಕೇ ಬೇಕು. ದೇವಗಡದ ದೀಪ ಬಂದದ್ದು ಈ ಹೊಸ ಓಟಕ್ಕಾಗಿ. ಅರಬೈಲ್ ಘಟ್ಟದ ರಸ್ತೆಯೂ ಗಾಡಿಗೆ ತಕ್ಕಂತೆ ಸುಧಾರಿಸಿ ಯಲ್ಲಾಪುರದ ಮೇಲಿಂದ ಹುಬ್ಬಳ್ಳಿಯನ್ನು ಕಡಲಿಗೆ ಜೋಡಿಸಿತು.

ಆಗಬೋಟುಗಳ ಕಡೆ ಬರೋಣ. ಸ್ಕಾಟ್ಲೆಂಡಿನ ವಿಲಿಯಂ ಮೆಕಿನನ್ 1856ರಲ್ಲಿ ಕಲ್ಕತ್ತೆ ಮತ್ತು ಬರ್ಮಾ ನಡುವೆ ಟಪಾಲು ಸಾಗಿಸಲು ಕಟ್ಟಿದ ಕಂಪೆನಿ 1862ರಲ್ಲಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯಾಯಿತು. ಜಿಲ್ಲೆ ಮುಂಬಯಿಗೆ ಸೇರಿದ ವರ್ಷವೇ ಇದು. ಸರ್ಕಾರದ ಟಪಾಲು ಗುತ್ತಿಗೆಯ ಬಲದಿಂದ ಬಿ.ಐ. ಆಗಬೋಟುಗಳು ಹಿಂದೂಸ್ಥಾನದ ಸುತ್ತಲೂ ಕರಾವಳಿ ಹಿಡಿದು ಓಡತೊಡಗಿದವು. ಮುಂಬಯಿಯಿಂದ ದಕ್ಷಿಣಕ್ಕೆ ಹೊರಟ ಬೋಟು ಒಳ್ಳೆಯ ಹಂಗಾಮಿನಲ್ಲಿ ಕಾರವಾರದಲ್ಲಿ ನಿಂತು ಮಂಗಳೂರು ಮಲಬಾರಿನ ಕಡೆ ಮುಂದುವರಿಯುತ್ತಿತ್ತು. ಅದರ ಹಿಂದೆಯೇ ಮುಂಬಯಿಯ ಶೆಪರ್ಡ್ ಕಂಪೆನಿ ಕೊಂಕಣ ಕರಾವಳಿಗೆ ಇಳಿಯಿತು. 1906ರಲ್ಲಿ ಅದು ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯಾದ ಮೇಲೂ ಜನ ಶೆಪರ್ಡ್ ಬೋಟು ಎಂದೇ ಕರೆದರು. ಬಿ.ಐ. ದೂರದ ಓಟದ ಕಂಪೆನಿ, ಶೆಪರ್ಡ್ ಸಣ್ಣ ಸಣ್ಣ ಬಂದರುಗಳ ಕಂಪೆನಿ. ರತ್ನಾಗಿರಿ, ಪಣಜಿ, ಕಾರವಾರ, ಮುಂದೆ ತದಡಿ, ಹೊನ್ನಾವರ, ಭಟ್ಕಳ, ಹೀಗೆ ಒಂದೊಂದೇ ಊರಿನ ಮುಂದೆ ನಿಂತು ಹೊರಡುವುದು ಅದರ ರೂಢಿ.

ಈ ಬೋಟುಗಳು ದಡಕ್ಕೆ ತಾಗುತ್ತಿರಲಿಲ್ಲ. ಕೊಲ್ಲಿಯಲ್ಲಿ ಲಂಗರು ಹಾಕಿ ಶಿಳ್ಳೆ ಕೂಗಿದರೆ ಮಚವೆ, ಪಡಾವುಗಳು ದಡದಿಂದ ಹೊರಡುತ್ತಿದ್ದವು. ಮೊದಲು ಇಳಿಯುವುದು ಟಪಾಲಿನ ಚೀಲ. ಆಮೇಲೆ ಜನ: ಹೆಂಗಸರು ಮಕ್ಕಳು, ಟ್ರಂಕು, ಹಾಸಿಗೆ ಸುರುಳಿ, ನೀರಿನ ಹೂಜಿ. ಅಲೆ ಏರಿದಾಗ ದೋಣಿ ಏಣಿಯ ಬಾಯಿಗೆ ಬರುತ್ತದೆ, ಇಳಿದಾಗ ಆಳೆತ್ತರ ಕೆಳಗೆ ಹೋಗುತ್ತದೆ. ಸರಿಯಾದ ಕ್ಷಣ ನೋಡಿ ದೋಣಿಯವನು ರಟ್ಟೆ ಹಿಡಿದು ಎಳೆದುಕೊಳ್ಳಬೇಕು. ಆ ಕಡೆ ಆವಿಯಂತ್ರದ ರಾಟೆಯಿಂದ ಸರಕು ಕೆಳಗಿಳಿಯುತ್ತದೆ, ಹಗ್ಗದ ಜೋಳಿಗೆಯಲ್ಲಿ ಬಟ್ಟೆಯ ಗಂಟು, ಸಕ್ಕರೆ ಚೀಲ, ಸೀಮೆಎಣ್ಣೆ ಡಬ್ಬ, ಕಬ್ಬಿಣದ ಸರಳು. ಮೇಲೆ ಹೋಗುವುದು ಘಟ್ಟದ ಅಡಿಕೆ, ಮೆಣಸು, ಏಲಕ್ಕಿ, ಅಳಲೆಕಾಯಿ, ಕರಾವಳಿಯ ತೆಂಗಿನಕಾಯಿ, ಅಕ್ಕಿ, ಒಣಮೀನು. ಬೋಟಿಗೆ ಮುಂದಿನ ಬಂದರಿನ ಆತುರ. ತಡವಾದರೆ ಶಿಳ್ಳೆ ಹೊಡೆದು ಹೊರಟೇಬಿಡುತ್ತಿತ್ತು.

ಬಂದರಿನ ಚರಿತ್ರೆಯಲ್ಲಿ ಹಡಗಿನ ಹೆಸರು, ಕ್ಯಾಪ್ಟನನ ಹೆಸರು, ಕಂಪೆನಿಯ ಹೆಸರು ಉಳಿಯುತ್ತವೆ. ದೋಣಿಯವರ ಹೆಸರು ಉಳಿಯುವುದಿಲ್ಲ. ಹಡಗಿಗೂ ದಡಕ್ಕೂ ನಡುವಿನ ಆ ನೀರಿನಲ್ಲಿ ಇಡೀ ಬಂದರನ್ನು ನಡೆಸಿದವರು ಖಾರ್ವಿಗಳು, ಹರಿಕಂತ್ರರು, ಗಾಬಿತರು. ಮೀನಿನ ಬಲೆ ಹಿಡಿದ ಕೈಗಳೇ ಹತ್ತಿಯ ಅಂಡಿಗೆ ಹೊತ್ತವು, ಕಲೆಕ್ಟರನ ಪೆಟ್ಟಿಗೆ ಇಳಿಸಿದವು. ಧಕ್ಕೆಯಿಲ್ಲದ ಬಂದರಿನಲ್ಲಿ ಧಕ್ಕೆಯ ಕೆಲಸವನ್ನು ಮಾಡಿದವರು ಈ ಜನ. ಲಂಗರಿನ ಜಾಗಕ್ಕೆ ಯಾವ ಗಾಳಿಯಲ್ಲಿ ಎಷ್ಟು ಹೊತ್ತು, ಕಾಳಿಯ ಇಳಿತ ಯಾವಾಗ ದೋಣಿಯನ್ನು ಹೊರಕ್ಕೆಳೆಯುತ್ತದೆ, ಯಾವ ಮೋಡ ಕಂಡರೆ ಬೈತಖೋಲದ ಮರೆಗೆ ಓಡಬೇಕು ಎಂಬ ಅವರ ವಿದ್ಯೆ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಈ ಬರಹದ ಮೊದಲ ನಮಸ್ಕಾರ ಸಲ್ಲಬೇಕಾದದ್ದು ಅವರಿಗೆ ಎಂದು ನಾನು ನಂಬಿದ್ದೇನೆ.

ಆಗಬೋಟು ಬಂದಿತೆಂದು ಹಾಯಿ ಮಾಯವಾಗಲಿಲ್ಲ. ಪತ್ತೆಮಾರಿಗೆ ಕಲ್ಲಿದ್ದಲು ಬೇಡ, ಇಂಗ್ಲೆಂಡಿನಿಂದ ಇಂಜಿನಿಯರ್ ಬೇಡ, ಯಾವ ಸಣ್ಣ ಅಳಿವೆಯೊಳಕ್ಕೂ ಅದು ನುಗ್ಗಬಲ್ಲದು. ಆದ್ದರಿಂದ ಬೆಲೆಯುಳ್ಳ, ಅವಸರದ ಸರಕು ಮತ್ತು ಪ್ರಯಾಣಿಕರು ಆಗಬೋಟಿಗೆ ಹೋದರೆ, ಸಾಣಿಕಟ್ಟೆಯ ಉಪ್ಪು, ಹೆಂಚು, ತೆಂಗು, ಕಟ್ಟಿಗೆ ಮೊದಲಾದ ಭಾರದ ಸರಕು ಹಾಯಿಯಲ್ಲೇ ಉಳಿಯಿತು. ಕಾಳಿಯ ಕಣಿವೆಯ ಸಾಗವಾನಿಯಂತೂ ನದಿಯನ್ನೇ ರಸ್ತೆ ಮಾಡಿಕೊಂಡಿತು. ಮೇಲಿನ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ನೀರಿಗೆ ಬಿಟ್ಟು, ಕದ್ರಾದ ಕಡೆಯಿಂದ ತೆಪ್ಪ ಕಟ್ಟಿ ಕೋಡಿಬಾಗದ ಡಿಪೋಕ್ಕೆ ತರುತ್ತಿದ್ದರು. ಅಲ್ಲಿ ಹರಾಜಾದ ಮರ ಹಾಯಿಹಡಗೇರಿ ಮುಂಬಯಿಗೂ ಕಾಠೇವಾಡಕ್ಕೂ ಹೋಯಿತು. ಈ ಜಿಲ್ಲೆ ಕಡಲಿಗೆ ಕೊಟ್ಟ ಸರಕಿನಲ್ಲಿ ಹತ್ತಿ ಹಾದುಹೋದದ್ದು, ಮರ ಮಾತ್ರ ಇಲ್ಲಿನದೇ.

ವರ್ಷಕ್ಕೆ ಎರಡು ಮುಖ. ಮೇ ಮುಗಿಯುವ ಹೊತ್ತಿಗೆ ಹಾಯಿಹಡಗುಗಳನ್ನು ದಡಕ್ಕೆಳೆದು ಮಡಲು ಹೊದಿಸುತ್ತಿದ್ದರು, ಆಗಬೋಟಿನ ಓಟವೂ ನಿಲ್ಲುತ್ತಿತ್ತು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮೆಲ್ಲಗೆ ದೋಣಿಗಳು ಹೊರಡುತ್ತಿದ್ದವು, ಬೋಟು ಬರಲು ಮತ್ತೂ ಕೆಲವು ವಾರ. ನಡುವಿನ ತಿಂಗಳುಗಳಲ್ಲಿ ಟಪಾಲು ನೆಲದ ದಾರಿಯಲ್ಲಿ ಓಲೆಕಾರನ ಹೆಗಲೇರಿ ಬರಬೇಕು. ಕಾರವಾರದಿಂದ ಭಟ್ಕಳಕ್ಕೆ ಹೋಗುವವರು ಗಂಗಾವಳಿ, ಅಘನಾಶಿನಿ, ಶರಾವತಿ ಮೂರನ್ನೂ ದೋಣಿಯಲ್ಲೇ ದಾಟಬೇಕು, ಅವು ತುಂಬಿ ಹರಿಯುವಾಗ ದಡದಲ್ಲಿ ಕಾಯಬೇಕು. ಇಲ್ಲಿ ಒಂದು ವಿಚಿತ್ರವಿದೆ. ಮಳೆಗಾಲದಲ್ಲೂ ಹಡಗಿಗೆ ಆಸರೆ ಕೊಡುತ್ತದೆ ಎಂಬ ಕಾರಣಕ್ಕೇ ಕಾರವಾರವನ್ನು ಆರಿಸಿದ್ದು. ಆ ಗುಣ ಬಳಕೆಗೆ ಬರಬೇಕಾದರೆ ಮಳೆಗಾಲದಲ್ಲೂ ಸರಕು ಘಟ್ಟ ಇಳಿಯಬೇಕು. ಎತ್ತಿನ ಗಾಡಿ ಜೂನ್ ಜುಲೈ ತಿಂಗಳಲ್ಲಿ ಅರಬೈಲ್ ಘಟ್ಟ ಇಳಿಯುವುದೆಂತು? ಬೈತಖೋಲದ ಶಾಂತ ನೀರು ನಾಲ್ಕು ತಿಂಗಳು ಸುಮ್ಮನೆ ಬಿದ್ದಿರುತ್ತಿತ್ತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಫಲ ಸರಕಿಗಿಂತ ಜನರ ಬಾಳಿನಲ್ಲಿ ಹೆಚ್ಚು ಆಳಕ್ಕೆ ಇಳಿಯಿತು. ಮೇಲಿನ ನ್ಯಾಯಾಲಯ ಮುಂಬಯಿಯಲ್ಲಿ, ವಿಶ್ವವಿದ್ಯಾಲಯ ಮುಂಬಯಿಯಲ್ಲಿ, ನೌಕರಿ ಮುಂಬಯಿಯಲ್ಲಿ. ಕಾರವಾರ, ಅಂಕೋಲಾ, ಕುಮಟಾದ ಮನೆಮನೆಯಿಂದ ಹುಡುಗರು ಆಗಬೋಟು ಹತ್ತಿದರು, ಕೆಲವರು ಓದಲು, ಹಲವರು ಗುಮಾಸ್ತಿಕೆಗೆ, ಗಿರಣಿಗೆ, ಅಡುಗೆ ಕೆಲಸಕ್ಕೆ. ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಅವಲಕ್ಕಿ ಕಟ್ಟು ಬಿಚ್ಚಿದವರ ದುಡಿಮೆ ಮನಿಆರ್ಡರಾಗಿ ಅದೇ ಬೋಟಿನ ಟಪಾಲಿನಲ್ಲಿ ಹಿಂದಿರುಗುತ್ತಿತ್ತು. ದಕ್ಷಿಣ ಕನ್ನಡದವರು ಮದ್ರಾಸಿನ ಪದವಿ ಪಡೆದರು, ಉತ್ತರ ಕನ್ನಡದವರು ಮುಂಬಯಿಯದು. ಇಂದಿಗೂ ಈ ಜಿಲ್ಲೆಯ ಹಳೆಯ ಕುಟುಂಬಗಳ ನೆಂಟಸ್ತನ ಮುಂಬಯಿಯ ಕಡೆ ಹರಡಿದೆ. ಆ ನೆಂಟಸ್ತನದ ಮೂಲ ದಾರಿ ಕಡಲು.

ಅದೇ ದಿನಗಳಲ್ಲಿ, 1883ರಲ್ಲಿ, 22ರ ಹರೆಯದ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದರು. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಪಡೆದ ಮೊದಲ ಭಾರತೀಯರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕಾಳಿಯಲ್ಲಿ ದೋಣಿವಿಹಾರ ಮಾಡಿದ್ದನ್ನು ಕವಿ ತಮ್ಮ ನೆನಪಿನ ಬರಹದಲ್ಲಿ ದಾಖಲಿಸಿದ್ದಾರೆ, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಇಲ್ಲಿಯೇ ಬರೆದರು. ಕಡಲದಂಡೆಗೆ ಅವರ ಹೆಸರಿಟ್ಟು ಕಾರವಾರ ಆ ಋಣವನ್ನು ನೆನೆದಿದೆ. ಬಂದರಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯ ಇಲ್ಲಿರುತ್ತಿರಲಿಲ್ಲ, ನ್ಯಾಯಾಲಯವಿಲ್ಲದಿದ್ದರೆ ಸತ್ಯೇಂದ್ರನಾಥರು ಬರುತ್ತಿರಲಿಲ್ಲ. ಕವಿ ಕಾರವಾರ ಕಂಡದ್ದೂ ಧಾರವಾಡದ ಹತ್ತಿಯ ದೆಸೆಯಿಂದಲೇ ಎಂದರೆ ಸುಳ್ಳಲ್ಲ.

ಕವಿ ಬಂದ ಹೊತ್ತಿಗೆ ಬಂದರಿನ ತೀರ್ಮಾನ ಆಗಿಹೋಗಿತ್ತು. ಅಮೆರಿಕದ ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಬಿದ್ದಿತು, ಮುಂಬಯಿಯ ಪೇಟೆಯಲ್ಲಿ ಎಷ್ಟೋ ಮನೆತನಗಳು ದಿವಾಳಿಯಾದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯೂರೋಪಿನ ದಾರಿ ಹತ್ತಿರವಾದ್ದರಿಂದ ಪಡುವಣ ಕರಾವಳಿಯ ಬಂದರುಗಳಿಗೆ ಮತ್ತೆ ಆಸೆ ಹುಟ್ಟಿತು. ಕಾರವಾರದಿಂದ ಹುಬ್ಬಳ್ಳಿ, ಗದಗಿನ ಕಡೆಗೆ ರೈಲುಹಾದಿ ಹಾಕುವ ಯೋಜನೆ ಎದ್ದಿತು, ಮೋಜಣಿಯಾಯಿತು, ಪತ್ರವ್ಯವಹಾರ ನಡೆಯಿತು. ಘಟ್ಟ ಕೊರೆಯುವ ಖರ್ಚು ನೋಡಿ ಸರ್ಕಾರ ಹಿಂಜರಿಯಿತು. ಅಷ್ಟರಲ್ಲಿ 1876ರಿಂದ 78ರ ಭೀಕರ ಬರ ಧಾರವಾಡ, ಬಳ್ಳಾರಿ, ಮೈಸೂರುಗಳನ್ನು ಸುಟ್ಟಿತು. ಅನ್ನ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಬರದ ಸೀಮೆಗೆ ರೈಲು ಬೇಕೇಬೇಕು ಎಂದು ಈಗ ಎಲ್ಲರೂ ಒಪ್ಪಿದರು. ಆ ರೈಲು ಕಡಲನ್ನು ಎಲ್ಲಿ ಮುಟ್ಟಬೇಕು ಎಂಬುದಷ್ಟೇ ಪ್ರಶ್ನೆ.

ಉತ್ತರ ಸಿಕ್ಕಿದ್ದು ಲಿಸ್ಬನ್ನಿನಲ್ಲಿ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಗೋವಾದ ಉಪ್ಪಿನ ಏಕಸ್ವಾಮ್ಯ ಬ್ರಿಟಿಷ್ ಇಂಡಿಯಾದ ಕೈಗೆ ಬಂತು, ಗಡಿಯ ಸುಂಕ ತೆಗೆಯಲಾಯಿತು. ಬದಲಿಗೆ ಮಾರ್ಮಗೋವಾದಲ್ಲಿ ಹೊಸ ಬಂದರು, ಅಲ್ಲಿಂದ ಘಟ್ಟದ ಮೇಲಕ್ಕೆ ರೈಲು. ಕಟ್ಟುವ ಬಂಡವಾಳ ಇಂಗ್ಲೆಂಡಿನ ಕಂಪೆನಿಯದು, ಆ ಬಂಡವಾಳದ ಬಡ್ಡಿಗೆ ಹೊಣೆ ಪೋರ್ಚುಗಲ್ ಸರ್ಕಾರದ್ದು. ಬ್ರಿಟಿಷರಿಗೆ ಇದಕ್ಕಿಂತ ಅಗ್ಗದ ವ್ಯವಹಾರ ಯಾವುದಿದ್ದೀತು? ಕಾರವಾರದ ರೈಲಾದರೆ ಖರ್ಚೂ ಹೊಣೆಯೂ ತಮ್ಮದು. ಮಾರ್ಮಗೋವಾದ್ದಾದರೆ ಹೊಣೆ ಪರರದು, ಸರಕಿನ ಲಾಭ ತಮ್ಮ ವರ್ತಕರದು. 1888ರಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲು ದೂಧಸಾಗರದ ಪಕ್ಕದಲ್ಲಿ ಘಟ್ಟ ಹತ್ತಿ ಕ್ಯಾಸಲ್‌ರಾಕಿನಲ್ಲಿ ಸದರ್ನ್ ಮರಾಠಾ ರೈಲನ್ನು ಕೂಡಿಕೊಂಡಿತು.

ಕ್ಯಾಸಲ್‌ರಾಕ್ ಇರುವುದು ಎಲ್ಲಿ? ಉತ್ತರ ಕನ್ನಡ ಜಿಲ್ಲೆಯ ಸೂಪಾ ಸೀಮೆಯಲ್ಲಿ. ಕಾರವಾರದ ಕಲೆಕ್ಟರನ ಆಡಳಿತದ ನೆಲದ ಮೇಲೆಯೇ ಹಾದು ಆ ರೈಲು ಧಾರವಾಡದ ಹತ್ತಿಯನ್ನು ಪೋರ್ಚುಗೀಸರ ಬಂದರಿಗೆ ಒಯ್ದಿತು. ಯಾವ ಹತ್ತಿಗೋಸ್ಕರ ಇಪ್ಪತ್ತಾರು ವರ್ಷ ಹಿಂದೆ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿದ್ದರೋ ಆ ಹತ್ತಿ ಜಿಲ್ಲೆಯ ಮೂಲೆಯೊಂದರಿಂದಲೇ ಜಾರಿಹೋಯಿತು. ನಾನು ಇದನ್ನು ದೈವದ ಆಟ ಎನ್ನಲಾರೆ. ಇದು ಲೆಕ್ಕ ಹಾಕಿ ತೆಗೆದುಕೊಂಡ ನಿರ್ಧಾರ. ಲಂಡನ್ನಿನ ಖಜಾನೆಯ ದೃಷ್ಟಿಯಿಂದ ಸರಿಯಾದ ಲೆಕ್ಕವೇ ಇರಬಹುದು. ಆ ಲೆಕ್ಕದಲ್ಲಿ ಕಾರವಾರದ ಹಮಾಲ, ಯಲ್ಲಾಪುರದ ಗಾಡಿಯವ, ಕುಮಟಾದ ಅಂಡಿಗೆ ಕಟ್ಟುವವ ಬರಲಿಲ್ಲ. ಒಂದೆರಡು ಹಂಗಾಮಿನೊಳಗೆ ಘಟ್ಟದ ರಸ್ತೆಗಳಲ್ಲಿ ಹತ್ತಿಗಾಡಿಗಳ ಸಾಲು ಕರಗಿತು. ಹುಬ್ಬಳ್ಳಿ ರೈಲಿನ ಊರಾಗಿ ಬೆಳೆದರೆ ಕುಮಟಾ, ಕಾರವಾರಗಳ ವರ್ತಕರು ಮುಂಬಯಿಗೋ ಹುಬ್ಬಳ್ಳಿಗೋ ಅಂಗಡಿ ಎತ್ತಿದರು. ಜೇಮ್ಸ್ ಕ್ಯಾಂಪ್‌ಬೆಲ್ಲರ ಸಂಪಾದಕತ್ವದ ಕೆನರಾ ಗೆಜೆಟಿಯರು 1883ರಲ್ಲಿ ಹೊರಬಂದದ್ದು ನಮ್ಮ ಅದೃಷ್ಟ. ರೈಲು ಬರುವ ಮುಂಚಿನ ಬಂದರು, ಘಟ್ಟ, ಗಾಡಿದಾರಿಗಳ ತುಂಬು ಚಿತ್ರ ಅದರಲ್ಲಿ ಉಳಿದುಕೊಂಡಿದೆ.

ಮಂಗಳೂರಿನ ಜೊತೆ ಹೋಲಿಸಿದರೆ ಮಾತು ಇನ್ನೂ ಸ್ಪಷ್ಟ. ಅಲ್ಲಿನ ಬಂದರು ನೇತ್ರಾವತಿ, ಗುರುಪುರ ನದಿಗಳ ಮರಳು ತುಂಬಿದ ಅಳಿವೆಯೊಳಗಿತ್ತು. ಆಗಬೋಟುಗಳು ದೂರ ಬಯಲು ಕಡಲಲ್ಲಿ ನಿಲ್ಲಬೇಕಿತ್ತು, ಮಳೆಗಾಲದಲ್ಲಿ ಬಂದರಿಗೆ ಬೀಗವೇ. ಆದರೆ ಬೆನ್ನ ಹಿಂದೆ ಕೊಡಗು, ಚಿಕ್ಕಮಗಳೂರಿನ ಕಾಫಿ. ಪಕ್ಕದಲ್ಲೇ ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ, ಅದನ್ನು ಹಿಂಬಾಲಿಸಿದ ಇನ್ನೆಷ್ಟೋ ಕಾರ್ಖಾನೆಗಳು. 1907ರಲ್ಲಿ ದಕ್ಷಿಣದಿಂದ ರೈಲೂ ಬಂತು. ಕೆಟ್ಟ ನೀರಿನ ಮಂಗಳೂರು ಸಮೃದ್ಧವಾಗಿ ನಡೆಯಿತು, ಒಳ್ಳೆಯ ನೀರಿನ ಕಾರವಾರ ಕಾದು ಕೂತಿತು.

ಹತ್ತಿ ಹೋದ ಮೇಲೂ ಬೋಟು ಬರುವುದು ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾರವಾರ ಜನರ ಬಂದರು. ಚೌತಿಗೆ, ಜಾತ್ರೆಗೆ, ಮದುವೆಗೆ ಊರಿಗೆ ಬರುವವರು, ರಜೆ ಮುಗಿಸಿ ಮುಂಬಯಿಗೆ ಮರಳುವವರು. ಜೊತೆಗೆ ಘಟ್ಟದ ಮ್ಯಾಂಗನೀಸ್ ಅದಿರು ಒಂದು ಹೊಸ ಸರಕಾಗಿ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಕರಾವಳಿಯ ಬೋಟುಗಳನ್ನು ಸರ್ಕಾರ ತನ್ನ ಕೆಲಸಕ್ಕೆ ಎಳೆದುಕೊಂಡಿತು, ಅಲ್ಲಿಂದಾಚೆ ಹಳೆಯ ಓಟ ಮೊದಲಿನಂತೆ ಆಗಲಿಲ್ಲ. ಸ್ವಾತಂತ್ರ್ಯದ ನಂತರ ಶೆಪರ್ಡರ ಉತ್ತರಾಧಿಕಾರಿ ಕಂಪೆನಿ ಸಿಂಧಿಯಾ ಕಂಪೆನಿಯಲ್ಲಿ ಕರಗಿತು. ನದಿಗಳ ಮೇಲೆ ಒಂದೊಂದಾಗಿ ಸೇತುವೆ ಏಳುತ್ತ ಬಸ್ಸು ಪ್ರಯಾಣಿಕರನ್ನು ಒಯ್ದಿತು. ಕಾಳಿಗೆ ಸೇತುವೆ ಬಂದದ್ದು ತೀರ ಈಚೆಗೆ, 1983ರಲ್ಲಿ. ಅದುವರೆಗೆ ಕೋಡಿಬಾಗದಿಂದ ಸದಾಶಿವಗಡಕ್ಕೆ ಲಾಂಚು. ಆ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿಯಿತು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾರವಾರಕ್ಕೆ ಇನ್ನೊಂದು ಪಾತ್ರ ಬಂತು. ರಾಜ್ಯದ ಬಂದರುಗಳ ಇಲಾಖೆಯ ಮುಖ್ಯ ಕಚೇರಿ ಇಂದು ಬೈತಖೋಲದಲ್ಲಿದೆ. ಆದರೆ ದೊಡ್ಡ ಹೊಸ ಬಂದರು ಎದ್ದದ್ದು ಮಂಗಳೂರಿನ ಪಣಂಬೂರಿನಲ್ಲಿ, 1975ರಲ್ಲಿ. ಕಾರವಾರದ ಕಡಲಿನ ನಿಜವಾದ ಬೆಲೆಯನ್ನು ಅರಿತದ್ದು ನೌಕಾಪಡೆ. ಭೂಶಿರದ ದಕ್ಷಿಣಕ್ಕೆ ಬಿಣಗಾ, ಅರ್ಗಾದ ಕಡೆ ಸೀಬರ್ಡ್ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಹಳ್ಳಿಗಳನ್ನು, ಮೀನಿನ ದಂಡೆಗಳನ್ನು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಅನೇಕವು ಹಿಂದೆ ಆಗಬೋಟಿಗೆ ದೋಣಿ ನಡೆಸಿದವರ ಮಕ್ಕಳು ಮೊಮ್ಮಕ್ಕಳವೇ.

ರೈಲು ಕಡೆಗೂ ಕಾರವಾರಕ್ಕೆ ಬಂತು, ಆದರೆ ಕರಾವಳಿಯ ಉದ್ದಕ್ಕೆ. 1998ರ ಜನವರಿಯಲ್ಲಿ ಪೂರ್ತಿಯಾದ ಕೊಂಕಣ ರೈಲು ಜನರನ್ನು ಮುಂಬಯಿಗೂ ಮಂಗಳೂರಿಗೂ ಒಯ್ಯುತ್ತದೆ, ಹಳೆಯ ಬೋಟಿನ ದಾರಿಯನ್ನೇ ನೆಲದ ಮೇಲೆ ಹಿಡಿದಿದೆ. ಘಟ್ಟ ಇಳಿಯಬೇಕಾದ ರೈಲು ಬೇರೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಮಂಜೂರಾದ ಹಾದಿ ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಕಾಗದದ ಮೇಲೆ, ಕಾಡಿನ ಅನುಮತಿಯ ಮತ್ತು ನ್ಯಾಯಾಲಯದ ಕಡತಗಳ ನಡುವೆ ಇದೆ. ಸಹ್ಯಾದ್ರಿಯ ಕಾಡಿಗೆ ಬೀಳುವ ಪೆಟ್ಟನ್ನು ಕಂಡು ವಿರೋಧಿಸುವವರ ಕಾಳಜಿಯನ್ನು ನಾನು ಹಗುರವಾಗಿ ನೋಡಲಾರೆ. ಅರಬೈಲಿನ ಇಳಿಜಾರಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದ ಮಳೆಗಾಲಗಳನ್ನು ಈ ಜಿಲ್ಲೆಯವರೆಲ್ಲ ಕಂಡಿದ್ದೇವೆ. ಸದ್ಯ ಬೈತಖೋಲದ ಧಕ್ಕೆಯಲ್ಲಿ ಇಳಿಯುವ ಡಾಂಬರು ಹುಬ್ಬಳ್ಳಿಯ ಕಡೆಗೆ ಹೋಗುವುದೂ ಘಟ್ಟದ ಮೇಲಿನ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಹಡಗಿಗೆ ಬರುವುದೂ ಟ್ಯಾಂಕರ್ ಲಾರಿಗಳಲ್ಲಿ, ಅದೇ ಅರಬೈಲ್ ಘಟ್ಟದ ರಸ್ತೆಯ ಮೇಲೆ.